ಜಾಗ ಹೇಳದ ಕಾಕ

ಕಳೆದ ನವೆಂಬರಿನ ಒಂದು ಶುಕ್ರವಾರ, ಕುವೈತಿನ ಖೈತಾನ್ ಬಡಾವಣೆಯ ನಮ್ಮ ಕಟ್ಟಡದ ಕೆಳಗಿನ ಹಾಲಿನಲ್ಲಿ, ಊರಿಗೆ ಮರಳುವ ಕಾಕನಿಗೆ ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಬಿರಿಯಾನಿ, ಮೈಕು. ಮೈಕು ಹಿಡಿದ ಏಳು ಮಂದಿಯೂ ಅವರನ್ನು "ಸರಳ ಮನುಷ್ಯ" ಎಂದರು. ಒಬ್ಬರು "ತೆರೆದ ಪುಸ್ತಕ" ಎಂದೂ ಸೇರಿಸಿದರು. ನಾನು ಶಾಲೆಯಲ್ಲಿ ಆರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು. ಏಳು ಮಂದಿ ಒಂದೇ ಮಾತು ಹೇಳಿದರೆ ಅದು ನಿಜವಾಗುವುದಿಲ್ಲ. ಏಳು ಸಲ ಹೇಳಿದ ಹಾಗಾಗುತ್ತದೆ, ಅಷ್ಟೆ. ಅಂದು ಹಾರ ಹಾಕಿಕೊಂಡು ಕೂತವರ ಎದುರು ಎದ್ದು ವಾದ ಮಾಡುವುದು ಸರಿಯಲ್ಲವೆಂದು ಸುಮ್ಮನಿದ್ದೆ. ಆಕ್ಷೇಪವನ್ನು ಈಗ ಬರೆದಿಡುತ್ತಿದ್ದೇನೆ.

ಸರಳ ಮನುಷ್ಯ ಒಂದೇ ಪ್ರಶ್ನೆಗೆ ಮೂವರಿಗೆ ಮೂರು ಉತ್ತರ ಕೊಡುವುದಿಲ್ಲ. ಇವರು ಕೊಟ್ಟಿದ್ದಾರೆ.

ಕುವೈತಿನ ಮರಳುಗಾಡಿನಲ್ಲಿ ಚಳಿಗೆ ಮುಂಚೆ ಒಳ್ಳೆಯ ಮಳೆ ಬಿದ್ದರೆ, ಜನವರಿ ಫೆಬ್ರವರಿಯ ಹೊತ್ತಿಗೆ ನೆಲದೊಳಗೆ ಒಂದು ಅಣಬೆ ಬಲಿಯುತ್ತದೆ. ಅರಬರು ಅದಕ್ಕೆ ಫಗಾ ಎನ್ನುತ್ತಾರೆ. ನೋಡುವುದಕ್ಕೆ ಮಣ್ಣು ಮೆತ್ತಿದ ಆಲೂಗಡ್ಡೆ. ಅದಕ್ಕಾಗಿ ಇಲ್ಲಿಯ ಜನ ಜೀಪು ಹತ್ತಿ ದಿನವಿಡೀ ಅಲೆಯುತ್ತಾರೆ. ಸಿಕ್ಕಿದ ಜಾಗವನ್ನು ಒಡಹುಟ್ಟಿದ ತಮ್ಮನಿಗೂ ಹೇಳುವುದಿಲ್ಲ. ಕಾಕ (ಕಟ್ಟಡದ ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದದ್ದು ಹಾಗೆ, ಇಲ್ಲಿಗೂ ಅದೇ ಸಾಕು) ಆ ಎರಡು ತಿಂಗಳು ಪ್ರತಿ ಶುಕ್ರವಾರ ಅರ್ಧ ಚೀಲ ಫಗಾ ತರುತ್ತಿದ್ದರು. ಎಲ್ಲಿ ಸಿಕ್ಕಿತು ಎಂದು ಮೂರನೆಯ ಮಹಡಿಯವರು ಕೇಳಿದಾಗ ಸುಬಿಯಾ ಕಡೆ ಎಂದರು. ಎದುರು ಫ್ಲಾಟಿನವರಿಗೆ ವಫ್ರಾ ಎಂದರು. ಕೆಳಗಿನ ಕಿರಾಣಿಯವನಿಗೆ ಅಬ್ದಲಿ ಎಂದರು. ಮೂವರೂ ಮುಂದಿನ ವಾರ ಮೂರು ದಿಕ್ಕಿಗೆ ಹೋಗಿ ಶೂಗಳಲ್ಲಿ ಮರಳು ತುಂಬಿಕೊಂಡು ಬಂದರು. ಮೈಕು ಹಿಡಿದ ಏಳು ಮಂದಿಯಲ್ಲಿ ಈ ಮೂವರೂ ಇದ್ದರು ಎಂಬುದನ್ನು ಗಮನಿಸಬೇಕು.

"ಕಾಕ, ಇದು ಸುಳ್ಳು ಹೇಳಿದ ಹಾಗಲ್ವಾ?" ಎಂದು ನಾನು ಕೇಳಿದ್ದೆ.

"ಸುಳ್ಳಲ್ಲ ಮೋಳೇ, ಬೇಲಿ," ಎಂದರು. "ಊರಲ್ಲಾದ್ರೆ ಬೇಲಿಗೆ ಮುಳ್ಳು ಹಾಕುದು. ಇಲ್ಲಿ ಮುಳ್ಳು ಎಲ್ಲಿಂದ ತರುದು ಹೇಳು?"

ಅವರು ಉಪ್ಪಿನಂಗಡಿ ಕಡೆಯ ಬ್ಯಾರಿ, ಅವರ ಮಾತಿನಲ್ಲಿ ಮೋಳೇ ಎಂದರೆ ಮಗಳೇ. ಶುವೈಖಿನ ಒಂದು ಗ್ಯಾರೇಜಿನಲ್ಲಿ ಇಪ್ಪತ್ತೆಂಟು ವರ್ಷ ಮೆಕ್ಯಾನಿಕ್. ಮರಳಿಗೆ ಹೋಗುವ ಜೀಪುಗಳ ಕೆಲಸಕ್ಕೆ ಅವರದೇ ಕೈ ಬೇಕೆಂದು ಗಿರಾಕಿಗಳು ಕಾಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುವುದು ಅವರ ರೀತಿ. ನಮ್ಮ ಮಾತನ್ನೂ ಹಾಗೆಯೇ ಕೇಳುತ್ತಿದ್ದರು: ತಲೆ ಓರೆ, ಕಣ್ಣು ಮುಚ್ಚಿ. ನಾನು ಹತ್ತು ನಿಮಿಷ ಬಿಡದೆ ಒಂದು ವಿಷಯ ಮಂಡಿಸಿ ಮುಗಿಸಿದರೆ, ಕಣ್ಣು ತೆರೆದು, "ಮೂರನೇ ಮಾತಿನ ಹತ್ರ ಎಂತದೋ ಸದ್ದು ಬರ್ತದೆ ನೋಡು. ಅಲ್ಲಿ ಬೋಲ್ಟು ಲೂಸ್ ಉಂಟು" ಎನ್ನುವರು. ಕಷ್ಟವೆಂದರೆ ಮೂರನೆಯ ಮಾತೇ ದುರ್ಬಲ ಎಂದು ನನಗೂ ಗೊತ್ತಿರುತ್ತಿತ್ತು.

ನಾಲ್ಕನೆಯ ಕ್ಲಾಸಿನವರೆಗೆ ಊರಿನಲ್ಲಿ ಕನ್ನಡ ಶಾಲೆಯಲ್ಲಿ ಓದಿ ಇಲ್ಲಿಗೆ ಬಂದವಳು ನಾನು. ನಮ್ಮ ಮನೆಮಾತು ಕೊಂಕಣಿ. ಇಲ್ಲಿಯ ಶಾಲೆಗೆ ಸೇರಿದ ಎರಡು ವರ್ಷಕ್ಕೆ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದ್ದೆ. ಕಾಕನ ಮುಂದೆ ಅದು ನಡೆಯಲಿಲ್ಲ. "ಇಂಗ್ಲೀಷಲ್ಲಿ ಜಗಳ ಮಾಡಿದ್ರೆ ನನಗೆ ತಾಗುದಿಲ್ಲ ಮಾರಾಯ್ತಿ. ತಾಗುವ ಹಾಗೆ ಮಾಡು" ಎಂದರು. ಅವರಿಗೆ ತಾಗಿಸಬೇಕೆಂಬ ಹಟಕ್ಕೆ ನನ್ನ ಕನ್ನಡ ಉಳಿಯಿತು. ಇದು ಉಪಕಾರವೋ ತಂತ್ರವೋ ಇನ್ನೂ ತೀರ್ಮಾನವಾಗಿಲ್ಲ.

ನಮ್ಮಿಬ್ಬರ ನಡುವಿನ ಅತಿ ಹಳೆಯ ವಾದ ಫಗಾ ಹುಡುಕುವುದು ಬೇಟೆಯೇ ಅಲ್ಲವೇ ಎಂಬುದು. ಅವರು ಯಾವಾಗಲೂ "ಬೇಟೆಗೆ ಹೋಗುದು" ಎನ್ನುತ್ತಿದ್ದರು. ಬೇಟೆ ಎಂದರೆ ಓಡುವ ಪ್ರಾಣಿ ಬೇಕು, ಅದು ತಪ್ಪಿಸಿಕೊಳ್ಳುವ ಸಾಧ್ಯತೆ ಬೇಕು, ಇದು ಬರಿಯ ತರಕಾರಿ ಕೀಳುವುದು ಎಂದು ನನ್ನ ಪಕ್ಷ.

"ಓಡುದು ಮಾತ್ರ ತಪ್ಪಿಸಿಕೊಳ್ಳುದಾ?" ಎಂದರು ಅವರು. "ಕೂತಲ್ಲೇ ಕೂತು ತಪ್ಪಿಸಿಕೊಳ್ಳುದು ಅದಕ್ಕಿಂತ ಕಷ್ಟ. ನಿನ್ನನ್ನು ನಿಲ್ಲಿಸಿ ನೋಡ್ತೇನೆ. ಕಾಲಡಿಯಲ್ಲಿ ಇದ್ರೂ ನಿನಗೆ ಕಾಣುದಿಲ್ಲ."

ಅದು ನಿಜವೆಂದು ಬಹಳ ಕಾಲದ ಮೇಲೆ ತಿಳಿಯಿತು. ಸೂರ್ಯ ಓರೆಯಾಗಿರುವ ಹೊತ್ತಿನಲ್ಲಿ ಬೆಳಕಿಗೆ ಎದುರಾಗಿ ಬಗ್ಗಿ ನಡೆಯಬೇಕು. ನೆಲ ಒಂದು ಬೆರಳಿನಷ್ಟು ಉಬ್ಬಿರುತ್ತದೆ, ಉಬ್ಬಿನ ಮೇಲೆ ಕೂದಲೆಳೆಯಂಥ ಬಿರುಕು. ಅವರ ತಾಯಿ, ಉಮ್ಮ, ಊರಿನ ಮುರಕಲ್ಲಿನ ಗುಡ್ಡೆಯಲ್ಲಿ ಮೊದಲ ಮಳೆ ಬಿದ್ದ ಮೇಲೆ ಕಲ್ಲಣಬೆ ಹುಡುಕುತ್ತಿದ್ದರಂತೆ. ಅದೂ ನೆಲದೊಳಗೇ ಅಡಗಿರುವುದು, ಅದನ್ನೂ ಬಿರುಕು ನೋಡಿಯೇ ಹಿಡಿಯುವುದು. ಉಮ್ಮನ ಹಿಂದೆ ಬಗ್ಗಿ ನಡೆದ ಬೆನ್ನು ಅರಬರ ನೆಲದಲ್ಲಿ ಕೆಲಸಕ್ಕೆ ಬಂತು. ಕಿತ್ತ ಮೇಲೆ ಗುಂಡಿಗೆ ಮಣ್ಣು ತುಂಬಿ, ಅಂಗೈಯಿಂದ ಎರಡು ಸಲ ತಟ್ಟಿ ಏಳುವುದೂ ಉಮ್ಮನ ಪಾಠವೇ. "ಬಾಗಿಲು ತೆಗೆದವರೇ ಹಾಕಿ ಬರ್ಬೇಕು."

ಇನ್ನೊಂದು ವಿಷಯ ಇಲ್ಲಿಯೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಅವರು ಗಾಡಿಯನ್ನು ಎಂಬತ್ತರ ಮೇಲೆ ಓಡಿಸುತ್ತಿರಲಿಲ್ಲ. ಜೀಪುಗಳ ಡಾಕ್ಟರು ತನ್ನ ಹಳೆಯ ಪಿಕಪ್ಪಿನಲ್ಲಿ ಎಂಬತ್ತಕ್ಕೆ ಅಂಟಿಕೊಂಡು ಹೈವೇಯಲ್ಲಿ ನಿಧಾನದ ಗಾಡಿಗಳ ಬಲತುದಿಯಲ್ಲಿ ಹೋಗುವುದು, ಹಿಂದಿನವರು ಹಾರ್ನ್ ಒತ್ತಿ ಲೈಟು ಮಿನುಗಿಸಿ ಬೈದು ಮುಂದೆ ಹೋಗುವುದು. ಒಮ್ಮೆ ನಮ್ಮನ್ನು ಏರ್‌ಪೋರ್ಟಿಗೆ ಬಿಡಲು ಬಂದಾಗ, ಅದು ಖೈತಾನಿನಿಂದ ಕೂಗಿದರೆ ಕೇಳುವಷ್ಟೇ ದೂರದಲ್ಲಿದ್ದರೂ ವಿಮಾನ ನಮಗೆ ತಪ್ಪುವುದರಲ್ಲಿತ್ತು. ಮಮ್ಮಿ ಹಿಂದಿನ ಸೀಟಿನಲ್ಲಿ ಜಪಮಾಲೆ ತೆಗೆದಿದ್ದರು. "ಸಿಸ್ಟರ್, ಎಂಬತ್ತರ ತನಕ ನಾವು ಗಾಡಿಯನ್ನು ಓಡಿಸುದು. ಆಮೇಲೆ ಗಾಡಿ ನಮ್ಮನ್ನು ಓಡಿಸುದು" ಎಂದು ಅವರು ಸಮಾಧಾನ ಹೇಳಿದರು. ಮಮ್ಮಿ ನರ್ಸ್ ಆದ್ದರಿಂದ ಅವರಿಗೆ ಯಾವಾಗಲೂ ಸಿಸ್ಟರ್.

ಈಗ ಲಕೋಟೆಯ ವಿಷಯ.

ಬೇಟೆಯ ತಿಂಗಳುಗಳಲ್ಲಿ ಗುರುವಾರ ಸಂಜೆ ಕಾಕ ನಮ್ಮ ಮನೆಗೆ ಬಂದು ಒಂದು ಅಂಟಿಸಿದ ಲಕೋಟೆಯನ್ನು ಮಮ್ಮಿಯ ಕೈಗೆ ಕೊಡುತ್ತಿದ್ದರು. ಮೇಲೆ ಒಂದು ಗಂಟೆ ಮಾತ್ರ ಬರೆದಿರುತ್ತಿತ್ತು. ಮಮ್ಮಿ ಅದನ್ನು ಹಾಲಿನಲ್ಲಿ ಮಾತೆ ಮರಿಯಳ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಕಾಕ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು "ಬಂದೆ" ಎನ್ನುವರು. ಅಷ್ಟೇ ಮಾತು. ಲಕೋಟೆಯನ್ನು ವಾಪಸ್ ತೆಗೆದುಕೊಂಡು ನಮ್ಮೆದುರೇ ನಾಲ್ಕು ಚೂರು ಮಾಡಿ ಜೇಬಿಗೆ ಹಾಕುವರು. ಒಳಗೆ ಏನಿರುತ್ತದೆ ಎಂದು ಮಮ್ಮಿಗೆ ಗೊತ್ತಿತ್ತು: ಹೋಗುವ ಜಾಗ. ಬರೆದ ಗಂಟೆಯೊಳಗೆ ಅವರು ಬಾರದಿದ್ದರೆ ಮಾತ್ರ ತೆರೆಯಬೇಕು.

ಇಡೀ ಕಟ್ಟಡದಲ್ಲಿ ನಮ್ಮ ಮನೆಯೇ ಯಾಕೆ ಎಂದು ನಾನು ಕೇಳಿದ್ದಕ್ಕೆ ಕಾರಣ ನೇರವಾಗಿ ಬಂತು. "ನಿಮ್ಮ ಮನೆಯಲ್ಲಿ ಯಾರಿಗೂ ಫಗಾ ಸೇರುದಿಲ್ಲ. ಮತ್ತೆ ಸಿಸ್ಟರ್ ಗಂಟೆ ಅಂದ್ರೆ ಗಂಟೆ. ಮಾತ್ರೆ ಕೊಟ್ಟ ಹಾಗೆ." ಸಕ್ಕರೆ ಕಾಯಿಲೆಗೆ ಅವರಿಗೆ ಮಾತ್ರೆ ಹೊತ್ತು ತಪ್ಪಿಸದ ಹಾಗೆ ನೋಡುತ್ತಿದ್ದದ್ದೂ ಮಮ್ಮಿಯೇ.

ಮರಳುಗಾಡಿನಲ್ಲಿ ಹೆದರಬೇಕಾದದ್ದು ಬೇಕಾದಷ್ಟಿದೆ. ಮಳೆ ಬಿದ್ದ ಕಡೆ ಮೇಲೆ ಒಣಗಿ ಒಳಗೆ ಕೆಸರಾದ ನೆಲ ಗಾಡಿಯನ್ನು ನುಂಗುತ್ತದೆ. ಯುದ್ಧದ ಕಾಲದ ಸಿಡಿಯದ ಕಬ್ಬಿಣ ಇನ್ನೂ ಅಲ್ಲಲ್ಲಿ ಹೂತಿದೆ. ಹಳೆಯ ಚಕ್ರದ ಗುರುತು ಬಿಟ್ಟು ತುಳಿಯಬಾರದು. ಕಾಕ ಹೇಳುತ್ತಿದ್ದರು: "ಎಲ್ಲಿಗೆ ಹೋಗ್ತೇನೆ ಅಂತ ಹೇಳುದು ಅರ್ಧ ಕೆಲಸ. ಎಷ್ಟು ಹೊತ್ತಿಗೆ ಬರ್ತೇನೆ ಅಂತ ಹೇಳುದು ಇನ್ನರ್ಧ. ಎರಡೂ ಹೇಳಿ, ಬಾರದಿದ್ರೆ ಎದ್ದು ಹುಡುಕುವವರು ಇಲ್ಲದಿದ್ರೆ ಹೇಳಿದ್ದು ಗಾಳಿಗೆ."

ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ಈ ಲಕೋಟೆ ಹಾಸ್ಯಾಸ್ಪದವಾಗಿ ಕಂಡಿತು. ಪ್ರತಿಯೊಬ್ಬರ ಜೇಬಿನಲ್ಲಿ ಫೋನಿರುವಾಗ ಮಾತೆಯ ಪಟದ ಹಿಂದೆ ಕಾಗದ!

"ಲೈವ್ ಲೊಕೇಶನ್ ಕಳಿಸಿ ಕಾಕ. ನೀವು ಹೋಗುವ ದಾರಿಯೆಲ್ಲ ನನಗೆ ಚುಕ್ಕೆಯಾಗಿ ಕಾಣ್ತದೆ."

"ಅದೇ ತೊಂದರೆ ಅಲ್ವಾ, ಕಾಣುದು?"

"ನಾನು ಒಬ್ಬಳಿಗೇ ಕಾಣುದು. ನನಗೆ ಫಗಾ ಅಂದ್ರೆ ವಾಕರಿಕೆ. ನಿಮ್ಮದೇ ಲೆಕ್ಕಾಚಾರದ ಪ್ರಕಾರ ನನಗಿಂತ ಒಳ್ಳೆ ಕಾವಲುಗಾರ್ತಿ ಸಿಗುದಿಲ್ಲ."

ಅವರು ಕಣ್ಣು ಮುಚ್ಚಿ ತಲೆ ಓರೆ ಮಾಡಿದರು. ಲೂಸ್ ಬೋಲ್ಟು ಸಿಗಲಿಲ್ಲವೆಂದು ಕಾಣುತ್ತದೆ. "ಆಯ್ತು. ಆದ್ರೆ ಸುಮ್ಮನೆ ಇಣುಕಿ ನೋಡ್ಬಾರ್ದು. ಹೊತ್ತು ಮೀರಿದ್ರೆ ಮಾತ್ರ."

"ದೇವರಾಣೆ."

"ಆಣೆ ಬೇಡ. ನೀನು ಎರಡೂ ಕಡೆಯಲ್ಲಿ ವಾದ ಮಾಡುವವಳು, ಆಣೆಯನ್ನೂ ತಿರುಗಿಸ್ತಿ. ಮಾತು ಕೊಡು, ಸಾಕು."

ಮಾತು ಕೊಟ್ಟೆ. ನಾನು ಇಣುಕಲಿಲ್ಲ ಎಂದು ಹೇಳಿದರೆ ನೀವು ನಂಬಬಾರದು. ಪ್ರತಿ ಶುಕ್ರವಾರ ಇಣುಕಿದೆ. ಚುಕ್ಕೆ ಬೆಳಿಗ್ಗೆ ಜಹ್ರಾ ದಾಟಿ, ಸಾಲ್ಮಿ ರಸ್ತೆ ಹಿಡಿದು, ಎಡಕ್ಕೆ ತಿರುಗಿ ಒಂದು ಕಡೆ ನಿಲ್ಲುತ್ತಿತ್ತು. ಅದು ಗ್ಯಾರೇಜಿನ ಯಜಮಾನ, ಅಂದರೆ ಅವರ ಕಫೀಲ್, ಚಳಿಗಾಲಕ್ಕೆ ಡೇರೆ ಹಾಕುವ ಕ್ಯಾಂಪು. ಕಾಕ ಅಲ್ಲಿ ಇಳಿದು ಜೀಪುಗಳನ್ನು ನೋಡಿ ಚಹಾ ಕುಡಿದು ಮುಂದೆ ಹೋಗುವುದು ವಾಡಿಕೆ. ಆದರೆ ಚುಕ್ಕೆ ಮುಂದೆ ಹೋಗುತ್ತಲೇ ಇರಲಿಲ್ಲ. ನಾಲ್ಕು ಗಂಟೆ ಹೊತ್ತು ಅಲ್ಲೇ. ಓಹೋ, ಇವರ ಮಹಾ ರಹಸ್ಯದ ಜಾಗ ಕ್ಯಾಂಪಿನ ಹಿತ್ತಲು ಎಂದು ನಾನು ಒಳಗೊಳಗೆ ನಕ್ಕಿದ್ದೆ.

ಎರಡು ವರ್ಷದ ಹಿಂದಿನ ಫೆಬ್ರವರಿಯ ಆ ಶುಕ್ರವಾರ ಪಪ್ಪನಿಗೆ ಡ್ಯೂಟಿ. ಮಮ್ಮಿ ಮತ್ತು ನಾನು ಊಟ ಮುಗಿಸಿ ಕೂತಿದ್ದೆವು. ಒಂದೂವರೆ ಹೊತ್ತಿಗೆ ಇಣುಕಿದೆ. ಚುಕ್ಕೆ ಹೊರಟಿತ್ತು. ಎರಡಕ್ಕೆ ಜಹ್ರಾ ಮುಟ್ಟಿತ್ತು, ಎರಡೂಕಾಲಿಗೆ ಪಟ್ಟಣದೊಳಗೆ ಬಂದಿತ್ತು. ಎರಡೂವರೆಗೆ ನಿಂತಿತು. ಆದರೆ ಖೈತಾನಿನಲ್ಲಲ್ಲ, ಜಾಬ್ರಿಯಾದಲ್ಲಿ. ಮೂರಾಯಿತು, ಮೂರೂಕಾಲಾಯಿತು. ಮೆಟ್ಟಿಲಲ್ಲಿ ಹೆಜ್ಜೆ ಸದ್ದಿಲ್ಲ, ಬಾಗಿಲಲ್ಲಿ "ಬಂದೆ" ಇಲ್ಲ. ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

"ಜಾಬ್ರಿಯಾದಲ್ಲಿ ಕಫೀಲನ ಮನೆ ಉಂಟಲ್ಲ. ಅಲ್ಲಿಗೆ ಹೋಗಿರ್ಬೇಕು. ಊರಿಗೆ ಬಂದಾಯ್ತಲ್ಲ, ಇನ್ನೆಂತ ಹೆದರಿಕೆ?" ಎಂದರು ಮಮ್ಮಿ.

ನನಗೆ ಒಪ್ಪಿಗೆಯಾಗಲಿಲ್ಲ. ಕ್ಯಾಂಪಿನಿಂದ ಜಹ್ರಾಕ್ಕೆ ಅರವತ್ತು ಕಿಲೋಮೀಟರಿನ ಮೇಲಿದೆ. ಅದನ್ನು ಆ ಚುಕ್ಕೆ ಅರ್ಧ ಗಂಟೆಯಲ್ಲಿ ದಾಟಿದೆ.

"ಮಮ್ಮಿ, ಅದು ನೂರಿಪ್ಪತ್ತರಲ್ಲಿ ಬಂದಿದೆ."

"ಬಂದ್ರೆ?"

"ಕಾಕ ಯಾವತ್ತಾದ್ರೂ ಎಂಬತ್ತು ದಾಟಿದ್ದು ನೋಡಿದ್ದೀರಾ? ನಮ್ಮ ವಿಮಾನ ತಪ್ಪುವಾಗ್ಲೂ ದಾಟ್ಲಿಲ್ಲ. ಈ ಚುಕ್ಕೆ ಕಾಕ ಅಲ್ಲ. ಇದು ಕಾಕನ ಫೋನು ಮಾತ್ರ."

ಮಮ್ಮಿ ಎದ್ದು ಮಾತೆ ಮರಿಯಳ ಪಟದ ಹಿಂದೆ ಕೈ ಹಾಕಿ ಒಂದು ಲಕೋಟೆ ತೆಗೆದರು. ಫೋನ್ ಬಂದ ಮೇಲೆ ಲಕೋಟೆ ನಿಂತಿದೆ ಎಂದೇ ನಾನು ತಿಳಿದಿದ್ದೆ. ನಿಂತಿರಲಿಲ್ಲ. ಪ್ರತಿ ಗುರುವಾರ ನಾನು ಆಫೀಸಿನಿಂದ ಬರುವ ಮುಂಚೆ ಅದು ಬರುತ್ತಿತ್ತು. ಶುಕ್ರವಾರ ನನ್ನ ಬೆನ್ನ ಹಿಂದೆ ಚೂರಾಗುತ್ತಿತ್ತು. ನನಗೆ ಬೇಸರವಾಗಬಾರದೆಂದು ಇಬ್ಬರೂ ಹೇಳಿರಲಿಲ್ಲ.

ಲಕೋಟೆಯ ಮೇಲೆ "ನಾಲ್ಕು ಗಂಟೆ" ಎಂದಿತ್ತು. ಗಡಿಯಾರದಲ್ಲಿ ಮೂರು ಇಪ್ಪತ್ತು.

"ಇನ್ನೂ ನಲವತ್ತು ನಿಮಿಷ ಉಂಟು," ಎಂದರು ಮಮ್ಮಿ. "ಮಾತು ಕೊಟ್ಟಿದ್ದೇನೆ."

ನನ್ನ ಆರು ವರ್ಷದ ತರಬೇತಿಯೆಲ್ಲ ಆ ಐದು ನಿಮಿಷಕ್ಕೆ ಎಂದು ಈಗ ಅನ್ನಿಸುತ್ತದೆ. ಬೆಳಕಿರುವುದು ಐದೂವರೆ ತನಕ. ನಾಲ್ಕಕ್ಕೆ ತೆರೆದರೆ ಹುಡುಕಲು ಹೋದವರಿಗೆ ಉಳಿಯುವುದು ಒಂದು ಗಂಟೆ. ಅವರು ಗಂಟೆ ಬರೆದದ್ದು ಫೋನ್ ತನ್ನ ಹತ್ತಿರ ಇದ್ದೀತೆಂದು ನಂಬಿ. ಆ ನಂಬಿಕೆಯೇ ಬಿದ್ದ ಮೇಲೆ ಗಂಟೆ ಹೇಗೆ ನಿಲ್ಲುತ್ತದೆ? ಮಮ್ಮಿ ಅಲುಗಲಿಲ್ಲ. ಕೊನೆಗೆ ನಾನು ವಾದ ಬಿಟ್ಟು ಕೇಳಿದೆ: "ಮಧ್ಯಾಹ್ನದ ಮಾತ್ರೆ ತೆಗೊಂಡು ಹೋಗಿದ್ದಾರಾ?"

ಮಮ್ಮಿ ಲಕೋಟೆ ಹರಿದರು. ಅವರು ಮಾತು ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಳಗೆ ಗುಂಡಗಿನ ಕನ್ನಡ ಅಕ್ಷರ, ಪೆನ್ಸಿಲಿನ ನಕ್ಷೆ. "ಕ್ಯಾಂಪಿನಿಂದ ಪಶ್ಚಿಮಕ್ಕೆ ಒಂಬತ್ತು ಕಿಲೋಮೀಟರ್. ಮುರಿದ ನೀರಿನ ಟ್ಯಾಂಕಿ. ಅಲ್ಲಿಂದ ಬಲಕ್ಕೆ ತಗ್ಗು. ಹಳೆ ಚಕ್ರದ ಗುರುತಿನ ಮೇಲೆಯೇ ಬರಬೇಕು. ನಾನು ಗಾಡಿ ಬಿಟ್ಟು ನಡೆಯುವುದಿಲ್ಲ. ಗಾಡಿ ಸಿಕ್ಕಿದರೆ ನಾನು ಸಿಕ್ಕಿದ ಹಾಗೆ. ಸಿಸ್ಟರಿಗೆ ತೊಂದರೆ ಕೊಟ್ಟದ್ದಕ್ಕೆ ಮಾಫಿ." ಕೆಳಗೆ ಕಫೀಲನ ನಂಬರು.

ಶಾಲೆಯಲ್ಲಿ ಕಲಿತ ಹರಕು ಅರಬಿಯಲ್ಲಿ ಫೋನ್ ಮಾಡಿದೆ. ಕಫೀಲ್ ಕ್ಯಾಂಪಿನಲ್ಲೇ ಇದ್ದ. ನಗುತ್ತ, "ಅವನು ಆಗಲೇ ಹೋದ ಮಗಳೇ, ಅವನ ಗಾಡಿ ಇಲ್ಲಿಲ್ಲ. ಖಲಾಸ್, ಚಿಂತೆ ಬೇಡ" ಎಂದ.

"ಗಾಡಿ ಅಲ್ಲಿಲ್ಲ ಅಂದರೆ ರಸ್ತೆಯಲ್ಲಿದೆ ಅಂತಲ್ಲ. ಅವರು ಊರ ಕಡೆ ಹೋದದ್ದನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ?"

ಅವನು ಆಚೆ ಯಾರನ್ನೋ ಕೂಗಿ ಕೇಳಿದ. ಯಾರೂ ನೋಡಿರಲಿಲ್ಲ.

"ನಿಮ್ಮ ಮನೆಯವರು ಯಾರಾದರೂ ಮಧ್ಯಾಹ್ನ ಜಾಬ್ರಿಯಾಕ್ಕೆ ಬಂದರಾ?"

"ನನ್ನ ತಮ್ಮ. ಮದುವೆಗೆ ಹೋಗಬೇಕಿತ್ತು."

"ಅವರ ಜೀಪಿನಲ್ಲಿ ಕಾಕನ ಫೋನ್ ಇದೆಯಾ ಅಂತ ನೋಡಿಸಿ."

ಐದು ನಿಮಿಷಕ್ಕೆ ಅವನೇ ತಿರುಗಿ ಫೋನ್ ಮಾಡಿದ. ಸ್ವರದಲ್ಲಿ ನಗು ಇರಲಿಲ್ಲ. ಫೋನು ಸೀಟಿನ ಕೆಳಗೆ ಬಿದ್ದಿತ್ತು, ಚಾರ್ಜರಿನ ವಯರ್ ಇನ್ನೂ ಸಿಕ್ಕಿಕೊಂಡಿತ್ತು. "ಅವನು ಎಲ್ಲಿ? ಜಾಗ ಹೇಳು" ಎಂದ.

ಆಗ ನಾನು ತಡೆದೆ. ಇದನ್ನು ಒಪ್ಪಿಕೊಳ್ಳಬೇಕು. ಹದಿನಾರು ವರ್ಷ ಒಬ್ಬ ಮನುಷ್ಯ ಇಡೀ ಕುವೈತಿನಿಂದ ಬಚ್ಚಿಟ್ಟದ್ದು, ಅದೂ ಯಾರ ಕ್ಯಾಂಪಿನ ಪಕ್ಕದಿಂದಲೇ ಹಾದುಹೋಗುತ್ತಿದ್ದನೋ ಅವನಿಂದಲೇ ಬಚ್ಚಿಟ್ಟದ್ದು, ನನ್ನ ಕೈಯಲ್ಲಿತ್ತು. ಒಮ್ಮೆ ಓದಿದರೆ ಮುಗಿಯಿತು.

"ಓದು!" ಎಂದರು ಮಮ್ಮಿ.

ಓದಿದೆ.

ಐದಕ್ಕೆ ಹತ್ತು ನಿಮಿಷವಿರುವಾಗ ಸಿಕ್ಕಿದರು. ಪಿಕಪ್ಪಿನ ಹಿಂದಿನ ಚಕ್ರಗಳು ಕೆಸರಿನಲ್ಲಿ ಕೂತಿದ್ದವು. ಜಾಕ್ ಕೊಟ್ಟು ಎತ್ತುವಾಗ ಅದು ಜಾರಿ ಗಾಡಿ ಅವರ ಎಡ ಪಾದದ ಮೇಲೆ ಇಳಿದಿತ್ತು. ಹೇಗೋ ಕಾಲು ಎಳೆದುಕೊಂಡಿದ್ದರು, ನಿಲ್ಲಲು ಆಗುತ್ತಿರಲಿಲ್ಲ. ನೀರಿತ್ತು. ಮಾತ್ರೆ ಇತ್ತು, ತಿನ್ನಲು ಏನೂ ಇರಲಿಲ್ಲ. ಫೆಬ್ರವರಿಯಲ್ಲಿ ಅಲ್ಲಿ ಹೊತ್ತು ಮುಳುಗಿದ ಮೇಲೆ ಹಿಡಿಯುವ ಚಳಿಗೆ ಒಂದು ತೆಳು ಶರ್ಟು. "ಮರುದಿನ ಬೆಳಿಗ್ಗೆ ಆಗಿದ್ರೆ ನಾನು ಕೇಸ್ ಶೀಟ್ ತುಂಬಿಸುವ ಕೆಲಸ ಇರ್ಲಿಲ್ಲ" ಎಂದು ಮಮ್ಮಿ ಆಮೇಲೆ ಹೇಳಿದ್ದು ಒಮ್ಮೆ ಮಾತ್ರ.

ಮರುದಿನ ಆಸ್ಪತ್ರೆಗೆ ಹೋದಾಗ ಪಾದಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ನನ್ನನ್ನು ಕಂಡ ಕೂಡಲೇ ಅವರ ಮೊದಲ ಮಾತು: "ಲಾಯರಮ್ಮ, ನನ್ನ ಜಾಗ ಹೋಯ್ತಲ್ಲ."

"ಕಾಲು ಉಳಿಯಿತಲ್ಲ ಕಾಕ."

"ಕಾಲು ಎರಡು ಉಂಟು. ಜಾಗ ಒಂದೇ ಇದ್ದದ್ದು."

ನಾನು ಸಿಟ್ಟಿನಿಂದಲೇ ವಿಚಾರಣೆ ಶುರುಮಾಡಿದೆ. ಫೋನು ಬೇರೆಯವರ ಜೀಪಿನಲ್ಲಿ ಯಾಕಿತ್ತು? ಪಿಕಪ್ಪಿನ ಚಾರ್ಜರ್ ಕೆಟ್ಟಿದೆ, ಅದಕ್ಕೆ ಅಲ್ಲಿ ಚಾರ್ಜಿಗಿಟ್ಟದ್ದು ಎಂದರು. ಇಪ್ಪತ್ತಾರು ವರ್ಷ ಗ್ಯಾರೇಜಿನಲ್ಲಿ ದುಡಿದ ಮೆಕ್ಯಾನಿಕ್ಕಿಗೆ ಒಂದು ಚಾರ್ಜರ್ ಸರಿಮಾಡಲು ಆಗಲಿಲ್ಲವಾ ಎಂದೆ. ಕಾಕ ಕಿಟಕಿಯ ಕಡೆ ನೋಡಿದರು.

"ಪ್ರತಿ ಶುಕ್ರವಾರ ಕ್ಯಾಂಪಿನಲ್ಲೇ ಬಿಟ್ಟು ಹೋಗ್ತಿದ್ದಿರಿ, ಅಲ್ವಾ?"

ಕಾಕ ಹೊದಿಕೆಯನ್ನು ಪ್ಲಾಸ್ಟರಿನ ಮೇಲೆ ಎಳೆದುಕೊಂಡರು.

"ನನ್ನ ಮೇಲೆ ನಂಬಿಕೆ ಇರ್ಲಿಲ್ಲ."

"ಛೆ! ನಿನ್ನ ಮೇಲೆ ಉಂಟು ಮೋಳೇ. ಫೋನಿನ ಮೇಲೆ ಇರ್ಲಿಲ್ಲ. ಅದು ಯಾರ್ಯಾರಿಗೆ ಹೇಳ್ತದೋ ಯಾರಿಗೆ ಗೊತ್ತು! ಕಾಗದ ಆದ್ರೆ ಬಾಯಿ ಮುಚ್ಚಿಕೊಂಡು ಇರ್ತದೆ."

"ಹಾಗಾದ್ರೆ ಇಷ್ಟು ಶುಕ್ರವಾರ ನಾನು ಕಾವಲು ಕಾದದ್ದು ಯಾರಿಗೆ?"

"ನನ್ನ ಫೋನಿಗೆ," ಎಂದರು. ಗಂಭೀರವಾಗಿಯೇ ಹೇಳಿದರು. ಮತ್ತೆ, "ಚೆನ್ನಾಗಿ ಕಾದಿದ್ದಿ. ಅದು ಒಂದು ದಿನವೂ ಕಳೆದುಹೋಗ್ಲಿಲ್ಲ" ಎಂದು ಸೇರಿಸಿದಾಗ ಮಂಚದ ಪಕ್ಕದಲ್ಲಿದ್ದ ಮಮ್ಮಿ ಮೊದಲು ನಕ್ಕರು, ಆಮೇಲೆ ಅವರು, ಕೊನೆಗೆ ಬೇರೆ ದಾರಿಯಿಲ್ಲದೆ ನಾನು.

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು: "ಎಂಬತ್ತರ ಲೆಕ್ಕ ಹಾಕಿದ್ದು ನೀನೇ ಅಂತೆ?"

"ಹೌದು."

ಕಣ್ಣು ಮುಚ್ಚಿದರು, ತಲೆ ಓರೆಯಾಯಿತು. "ಒಂದು ಬೋಲ್ಟೂ ಲೂಸ್ ಇಲ್ಲ" ಎಂದರು. ನನಗೆ ಶಾಲೆಯಲ್ಲಿ ಸಿಕ್ಕಿದ ಕಪ್ಪುಗಳು ಮನೆಯಲ್ಲಿ ಒಂದು ಕಪಾಟಿನ ತುಂಬ ಇವೆ. ಯಾವುದನ್ನೂ ನಾನು ಈ ಮಾತಿನಷ್ಟು ಸಲ ಹೊರತೆಗೆದು ನೋಡಿಲ್ಲ.

ಮುಂದಿನ ವರ್ಷ ಆ ತಗ್ಗಿನಲ್ಲಿ ಶುಕ್ರವಾರದ ಹೊತ್ತು ಹತ್ತು ಹದಿನೈದು ಜೀಪು ನಿಂತಿದ್ದವಂತೆ. ಕಫೀಲ್ ತನ್ನ ಬಳಗಕ್ಕೆಲ್ಲ ಹೇಳಿದ್ದ. ಅವನೂ ಅಷ್ಟೇನೂ ಸರಳ ಮನುಷ್ಯನಲ್ಲ. ಆದರೆ ಗ್ಯಾರೇಜಿನಲ್ಲಿ ಕಾಕನಿಗೆ ಕೂತು ಮಾಡುವ ಕೆಲಸವನ್ನೇ ಕೊಟ್ಟ, ಸೀಸನ್ನಿನ ಮೊದಲ ಚೀಲವನ್ನು ಅವರ ರೂಮಿಗೆ ತಂದುಕೊಟ್ಟ. ಕಾಕ ಅದನ್ನು ಬಿಚ್ಚಿ ಒಂದೊಂದನ್ನೇ ತಿರುಗಿಸಿ ನೋಡಿ, "ಗುಂಡಿ ಮುಚ್ಚಿದ್ದಾರೋ ಇಲ್ವೋ" ಎಂದು ಮಾತ್ರ ಹೇಳಿದರು. ಆ ಚಳಿಗಾಲ ಅವರೂ ಕುಂಟುತ್ತ ಶುಕ್ರವಾರ ಎಲ್ಲಿಗೋ ಹೋಗಿಬರುತ್ತಿದ್ದರು. ಈಗ ಫೋನು ಜೇಬಿನಲ್ಲೇ ಇರುತ್ತಿತ್ತು, ಲಕೋಟೆಯೂ ಬರುತ್ತಿತ್ತು. ನಾನು ಇಣುಕಲಿಲ್ಲ. ಈ ಸಲ ನಂಬಬಹುದು.

ನವೆಂಬರಿನಲ್ಲಿ ಅವರು ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮುಗಿಸಿ ಊರಿಗೆ ಹೋದರು. ಏರ್‌ಪೋರ್ಟಿಗೆ ನಾನೇ ಬಿಟ್ಟೆ. ದಾರಿಯುದ್ದಕ್ಕೂ ಅವರ ಕಣ್ಣು ನನ್ನ ಸ್ಪೀಡೋಮೀಟರಿನ ಮೇಲಿತ್ತು. ಉಪ್ಪಿನಂಗಡಿ ಮುಟ್ಟಿದ ಮೇಲೆ ವಾಯ್ಸ್ ಮೆಸೇಜ್ ಬಂತು: "ಬಂದೆ." ಅದರ ಕೆಳಗೆ ಒಂದು ಲೊಕೇಶನ್. ಊರಿನ ಮನೆಯದಿರಬೇಕೆಂದು ಒತ್ತಿದರೆ ಕುವೈತಿನ ಮರಳುಗಾಡು. ಮತ್ತೊಂದು ಮೆಸೇಜ್: "ಕಾಲು ಕುಂಟಾದ ಮೇಲೆ ಹುಡುಕಿದ ಜಾಗ. ರೋಡಿನಿಂದ ಇನ್ನೂರು ಹೆಜ್ಜೆ, ನಿನ್ನ ಸಣ್ಣ ಕಾರು 'ಟರ್' ಅಂತ ಹೋಗ್ತದೆ. ನೀನು ತಿನ್ನುದಿಲ್ಲ, ಗೊತ್ತುಂಟು. ಅದಕ್ಕೇ ನಿನಗೆ ಕಳಿಸಿದ್ದು."

ಹೋಗಬಾರದು ಎಂಬುದಕ್ಕೆ ನನ್ನ ಬಳಿ ಆರು ಕಾರಣಗಳಿದ್ದವು. ಫೆಬ್ರವರಿಯ ಮೊದಲ ಶುಕ್ರವಾರ ಹೋದೆ. ಗುರುವಾರ ಸಂಜೆ ಮಮ್ಮಿ ಒಂದು ಖಾಲಿ ಲಕೋಟೆ ತಂದು ಮೇಜಿನ ಮೇಲಿಟ್ಟರು. ಲೈವ್ ಲೊಕೇಶನ್ ಇದೆಯಲ್ಲ ಎಂದು ನಾನು ಹೇಳಲಿಲ್ಲ. ಜಾಗ ಬರೆದೆ, ಅಂಟಿಸಿದೆ, ಮೇಲೆ "ಎರಡು ಗಂಟೆ" ಎಂದು ಬರೆದೆ. ಮಮ್ಮಿ ಅದನ್ನು ಪಟದ ಹಿಂದೆ ಸಿಕ್ಕಿಸಿದರು. ಬೆಳಿಗ್ಗೆ ಹೊರಡುವ ಮುಂಚೆ ಲೈವ್ ಲೊಕೇಶನ್ ಅನ್ನು ಕಾಕನಿಗೂ ಕಳಿಸಿದೆ.

ಒಂದೂವರೆ ಗಂಟೆ ಬಿಸಿಲಿಗೆದುರಾಗಿ ಬಗ್ಗಿ ನಡೆದೆ, ಫೋನನ್ನು ಕೈಯಲ್ಲೇ ಹಿಡಿದು. ಏನೂ ಕಾಣಲಿಲ್ಲ. ಸೋತು ನಿಂತಲ್ಲಿ ಕೆಳಗೆ ನೋಡಿದರೆ ಎಡ ಶೂವಿನ ತುದಿಯ ಹತ್ತಿರ ನೆಲ ಸ್ವಲ್ಪ ಉಬ್ಬಿತ್ತು. ಉಬ್ಬಿನ ಮೇಲೆ ಬಿರುಕು. ಬೆರಳಿನಿಂದ ಕೆದರಿದೆ. ಲಿಂಬೆಯಷ್ಟು ದೊಡ್ಡದು, ತಣ್ಣಗಿತ್ತು. ಅದು ಬೇಟೆ ಎಂದು ನಾನು ಒಪ್ಪುತ್ತೇನೆ. ರುಚಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಗುಂಡಿಗೆ ಮಣ್ಣು ತುಂಬಿ ಎರಡು ಸಲ ತಟ್ಟಿದೆ.

ಎರಡಕ್ಕೆ ಇಪ್ಪತ್ತು ನಿಮಿಷವಿರುವಾಗ ಮನೆ ಸೇರಿ, ಮಮ್ಮಿಯ ಎದುರು ಲಕೋಟೆ ಹರಿದು ನಾಲ್ಕು ಚೂರು ಮಾಡಿದೆ. ಕಾಕನಿಗೆ ಮೆಸೇಜ್ ಕಳಿಸಿದೆ: "ಬಂದೆ."

ಉತ್ತರ ಕೂಡಲೇ ಬಂತು. ಹಿಂದೆ ಕೋಳಿ ಕೂಗುವುದು, ಯಾರೋ ಬಟ್ಟೆ ಒಗೆಯುವುದು ಕೇಳಿಸುತ್ತಿತ್ತು.

"ಗೊತ್ತುಂಟು ಲಾಯರಮ್ಮ, ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ. ಹೋಗುವಾಗ ಸರಿಯಾಗಿಯೇ ಹೋಗಿದ್ದಿ. ಬರುವಾಗ ಜಹ್ರಾದ ಈಚೆ ತೊಂಬತ್ತೈದರಲ್ಲಿ ಬಂದದ್ದು ಯಾರು? ನೀನಾ, ನಿನ್ನ ಫೋನಾ?"